ಕಂಪ್ಯೂಟರ್‌ನಲ್ಲಿ ತೆರೆಯುವ ಮೆನು ಮೊಬೈಲ್‌ನಲ್ಲಿ ಏಕೆ ತೆರೆಯುವುದಿಲ್ಲ? ಲಿಂಕ್ ಮೇಲೆ ಮೌಸ್ ಇಟ್ಟರೆ ಸಾಕು, ಖಾತೆ ಖಾಲಿಯಾಗುತ್ತದೆಯೇ?

ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ತಲೆಯೆತ್ತುವ ಎರಡು ಮಾತುಗಳಿವೆ. ಒಂದು: “ಅಪರಿಚಿತ ಲಿಂಕ್ ಒತ್ತುವುದೇ ಬೇಡ, ಅದರ ಮೇಲೆ ಮೌಸ್ ತಂದರೂ ಸಾಕು, ಬ್ಯಾಂಕ್ ಖಾತೆ ಖಾಲಿ.” ಇನ್ನೊಂದು: “ಸರ್ಕಾರಿ ಸೈಟ್ ಮೊಬೈಲ್‌ನಲ್ಲಿ ನಡೆಯಲ್ಲ, ಈ ಡೈರೆಕ್ಟ್ ಲಿಂಕ್ ಒತ್ತಿ.” ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಸಹಾಯ ಮಾಡುವಂತೆ ಕಾಣುತ್ತದೆ. ನಿಜವಾಗಿ ಹೆಚ್ಚು ಅಪಾಯ ಇರುವುದು ಎರಡನೆಯದರಲ್ಲಿ. ಎರಡರ ಬೇರೂ ಒಂದೇ ಕಡೆ ಇದೆ. ಅದರ ಹೆಸರು ಹೋವರ್. ಅಂದರೆ ಒತ್ತದೆ, ಬರೀ ಮೌಸಿನ ಬಾಣವನ್ನು ಒಂದು ಜಾಗದ ಮೇಲೆ ತಂದು ನಿಲ್ಲಿಸುವುದು.

ಚುಟುಕಾಗಿ ಉತ್ತರ ಬೇಕಿದ್ದವರಿಗೆ: ವೆಬ್ ಪುಟದಲ್ಲಿ ಲಿಂಕ್ ಮೇಲೆ ಮೌಸ್ ತಂದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಮೆನು ತೆರೆಯದಿದ್ದರೆ ನಿಮ್ಮ ಫೋನ್ ಕೆಟ್ಟಿದೆ ಎಂದಲ್ಲ. ಉದ್ದನೆಯ ಉತ್ತರಕ್ಕೆ ಮುಂದೆ ಓದಿ.

ಸೈಬರ್ ಸೆಂಟರ್‌ನಲ್ಲಿ ಆಗುತ್ತೆ, ಮನೇಲಿ ಆಗಲ್ಲ

ಕೆ.ಆರ್. ಪುರಂ ಸಂತೆಯ ಸುತ್ತಮುತ್ತ, ಶಿವಾಜಿನಗರದ ಬಸ್ ನಿಲ್ದಾಣದ ಆಸುಪಾಸು, ಹಲಸೂರಿನ ಗಲ್ಲಿಗಳಲ್ಲಿ ಈಗಲೂ ಸೈಬರ್ ಸೆಂಟರ್‌ಗಳಿವೆ. ಜೆರಾಕ್ಸ್, ಲ್ಯಾಮಿನೇಷನ್ ಜೊತೆಗೆ ‘ಆನ್‌ಲೈನ್ ಅರ್ಜಿ ಹಾಕಿಕೊಡಲಾಗುವುದು’ ಎಂಬ ಬೋರ್ಡು. ಅಲ್ಲಿ ಕೂತ ಹುಡುಗ ಸೈಟ್ ತೆರೆದು ಮೇಲಿನ ಪಟ್ಟಿಯ ಮೇಲೆ ಮೌಸ್ ಹಾಗೇ ಜಾರಿಸುತ್ತಾನೆ. ‘ಸೇವೆಗಳು’ ಅಂತ ಬರೆದ ಕಡೆ ಬಾಣ ಬಂದ ಕೂಡಲೇ ಕೆಳಗೊಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದರಲ್ಲೊಂದರ ಮೇಲೆ ಹೋದರೆ ಪಕ್ಕಕ್ಕೆ ಇನ್ನೊಂದು ಪಟ್ಟಿ. ಎರಡು ಸೆಕೆಂಡಿನ ಕೆಲಸ.

ಅದೇ ಸೈಟನ್ನು ಮನೆಗೆ ಹೋಗಿ ಫೋನಿನಲ್ಲಿ ತೆರೆದು ‘ಸೇವೆಗಳು’ ಮುಟ್ಟಿದರೆ ಪಟ್ಟಿ ಮಿಂಚಿ ಮಾಯವಾಗುತ್ತದೆ, ಇಲ್ಲವೇ ಸಂಬಂಧವಿಲ್ಲದ ಪುಟವೊಂದು ತೆರೆಯುತ್ತದೆ. ನಾಲ್ಕು ಸಲ ಪ್ರಯತ್ನಿಸಿದ ಮೇಲೆ ನಾವು ಹೇಳುವುದು ಒಂದೇ ಮಾತು: “ಮೊಬೈಲ್‌ನಲ್ಲಿ ಇದು ಆಗಲ್ಲ.” ಆಮೇಲೆ ಎರಡು ದಾರಿ. ಒಂದೋ ಸೆಂಟರ್‌ಗೆ ಹೋಗಿ ದುಡ್ಡು ಕೊಡುವುದು, ಇಲ್ಲವೇ ಯಾರೋ ಕಳಿಸಿದ ‘ಡೈರೆಕ್ಟ್ ಲಿಂಕ್’ ಒತ್ತುವುದು. ಕೊನೆಯ ದಿನ ಹತ್ತಿರ ಇದ್ದರಂತೂ ಎರಡನೆಯದೇ ಸುಲಭ ಅನ್ನಿಸುತ್ತದೆ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಟ್ರಾಫಿಕ್ ದಂಡದ ಬಾಕಿ ಮೇಲೆ ಶೇ 50 ರಿಯಾಯಿತಿ ಕೊಟ್ಟು ಫೆಬ್ರವರಿ 11ರ ಗಡುವು ಇಟ್ಟಾಗ ಊರಿಗೆ ಊರೇ ಹೇಗೆ ಮುಗಿಬಿದ್ದಿತ್ತು ಎಂದು ಬೆಂಗಳೂರಿನ ಗಾಡಿಯವರಿಗೆ ನೆನಪಿರಬಹುದು. ವಂಚಕರಿಗೆ ಬೇಕಾಗಿರುವುದು ಇಂಥ ಅವಸರವೇ.

ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ನಡೆದಂತೆ

ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದೀರಿ. ಒಂದು ಅಂಗಡಿ ಮುಂದೆ ಅರೆಕ್ಷಣ ನಿಂತಿರಿ. ನೀವು ಏನೂ ಕೇಳಿಲ್ಲ, ಆದರೂ ಒಳಗಿಂದ “ಬನ್ನಿ ಮೇಡಂ, ಹೊಸ ಸ್ಟಾಕ್ ಬಂದಿದೆ” ಎಂಬ ಕೂಗು. ನೀವು ಮುಂದೆ ಹೋದರೆ ಅವರೂ ಸುಮ್ಮನಾಗುತ್ತಾರೆ. ಒಳಗೆ ಹೋಗಿ ಬಿಲ್ ಮಾಡಿಸಿದರೆ ಮಾತ್ರ ಅದು ವ್ಯಾಪಾರ.

ಹೋವರ್ ಅಂದರೆ ಅಂಗಡಿ ಮುಂದೆ ನಿಲ್ಲುವುದು. ಕ್ಲಿಕ್ ಅಂದರೆ ಬಿಲ್. ಮೌಸಿನ ಬಾಣ ಒಂದು ಪದದ ಮೇಲೆ ಬಂದಾಗ ಬ್ರೌಸರ್ ಆ ಪುಟಕ್ಕೆ “ಇಲ್ಲಿಗೆ ಬಂದರು” ಎಂದು ಸುದ್ದಿ ಮುಟ್ಟಿಸುತ್ತದೆ, ಹೊರಟಾಗ “ಹೋದರು” ಎಂದು ತಿಳಿಸುತ್ತದೆ. ಈ ಸುದ್ದಿಗೆ ಪ್ರೋಗ್ರಾಮರ್‌ಗಳು ಈವೆಂಟ್ ಅನ್ನುತ್ತಾರೆ. ಬಂದ ಸುದ್ದಿಗೆ ಮೌಸ್‌ಓವರ್, ಹೋದ ಸುದ್ದಿಗೆ ಮೌಸ್‌ಔಟ್ ಎಂಬ ಹೆಸರು. ಬಂದಾಗ ಪಟ್ಟಿ ತೋರಿಸು, ಹೋದಾಗ ಮುಚ್ಚು. ಹೋವರ್ ಮೆನು ಅಂದರೆ ಇಷ್ಟೇ.

ಇದರ ಚರಿತ್ರೆ ಬಹಳ ಉದ್ದವೇನಲ್ಲ. ಡಗ್ಲಸ್ ಎಂಗೆಲ್‌ಬಾರ್ಟ್ ಮೌಸನ್ನು ಜನರ ಮುಂದೆ ಪ್ರದರ್ಶಿಸಿದ್ದು 1968ರ ಡಿಸೆಂಬರ್‌ನಲ್ಲಿ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಬರೆದ ಮೇಲೆ ಪುಟಗಳಿಗೆ ಈ ‘ಬಂದರು, ಹೋದರು’ ಸುದ್ದಿ ಸಿಗತೊಡಗಿತು. 1998ರ ಸಿಎಸ್ಎಸ್ 2, ಅಂದರೆ ಪುಟಗಳ ಬಣ್ಣ ಮತ್ತು ಜೋಡಣೆಯ ಭಾಷೆಯ ಎರಡನೇ ಆವೃತ್ತಿ, ಹೋವರ್ ಎಂಬ ಗುರುತನ್ನು ಸೇರಿಸಿತು. ಅಲ್ಲಿಂದ ಮುಂದೆ ಪ್ರೋಗ್ರಾಮ್ ಬರೆಯದೆಯೂ ಪಟ್ಟಿ ಬಿಚ್ಚುವಂತೆ ಮಾಡಬಹುದಾಯಿತು. ಆಗೆಲ್ಲ ಮೇಜಿನ ಮೇಲೆ ಮೌಸ್ ಇದ್ದೇ ಇರುತ್ತಿತ್ತು. ಮೌಸ್ ಇಲ್ಲದವರೂ ಒಂದು ದಿನ ವೆಬ್ ನೋಡುತ್ತಾರೆ ಎಂದು ಮೆನು ಬರೆದವರು ಲೆಕ್ಕ ಹಾಕಿರಲಿಲ್ಲ.

ಕಂಪ್ಯೂಟರ್‌ನಲ್ಲೂ ಮೆನು ಕಿರಿಕಿರಿ ಮಾಡುವುದೇಕೆ?

ಮೌಸ್ ಇದ್ದರೂ ಕೆಲವು ಮೆನುಗಳು ಪಟಪಟನೆ ತೆರೆದು ಮುಚ್ಚುತ್ತವೆ. ನಮ್ಮ ಕೈ ನಡುಗುತ್ತಿದೆ ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಅದು ಕೈಯ ತಪ್ಪಲ್ಲ.

ಇಂದಿರಾನಗರದ ಅಪಾರ್ಟ್‌ಮೆಂಟ್ ಒಂದರಲ್ಲಿ ವಿಪರೀತ ಶಿಸ್ತಿನ ವಾಚ್‌ಮನ್ ಇದ್ದಾನೆ ಎಂದಿಟ್ಟುಕೊಳ್ಳಿ. ನೀವು ನಿಮ್ಮದೇ ಮನೆಯ ಹಾಲ್‌ನಿಂದ ಅಡುಗೆಮನೆಗೆ ಹೋದರೂ ಅವನು ರಿಜಿಸ್ಟರ್‌ನಲ್ಲಿ “ಹಾಲ್‌ನಿಂದ ಹೊರಟರು” ಎಂದು ಬರೆದು ಗೇಟು ಮುಚ್ಚುತ್ತಾನೆ. ಮರುಕ್ಷಣ “ಅಡುಗೆಮನೆಗೆ ಬಂದರು” ಎಂದು ಬರೆದು ಗೇಟು ತೆಗೆಯುತ್ತಾನೆ. ಮೌಸ್‌ಓವರ್ ಮತ್ತು ಮೌಸ್‌ಔಟ್ ಈ ವಾಚ್‌ಮನ್ ಇದ್ದಂತೆ. ಮೆನುವಿನ ಒಳಗಿನ ಒಂದು ಸಾಲಿನಿಂದ ಇನ್ನೊಂದಕ್ಕೆ ಹೋದರೂ ಸುದ್ದಿ ಕಳಿಸುತ್ತವೆ. ಇವಕ್ಕೆ ಬದಲಾಗಿ ಮೌಸ್‌ಎಂಟರ್ ಮತ್ತು ಮೌಸ್‌ಲೀವ್ ಎಂಬ ಇನ್ನೊಂದು ಜೋಡಿ ಇದೆ. ಇವು ಹೊರಗಿನ ಗೇಟನ್ನು ಮಾತ್ರ ನೋಡುತ್ತವೆ. ಒಳಗೆ ನೀವು ಎಲ್ಲಿ ಓಡಾಡಿದರೂ ತಲೆಕೆಡಿಸಿಕೊಳ್ಳುವುದಿಲ್ಲ. ಮೆನುವಿಗೆ ಸರಿಹೊಂದುವುದು ಈ ಎರಡನೇ ಜೋಡಿ. ಬರೀ ಇದನ್ನು ಬದಲಿಸಿದರೆ ಎಷ್ಟೋ ಸೈಟ್‌ಗಳ ಮಿಣುಕಾಟ ನಿಂತುಹೋಗುತ್ತದೆ.

ಇನ್ನೊಂದು ತೊಂದರೆ ಮೂಲೆಯದ್ದು. ಸಿಗ್ನಲ್ ತಪ್ಪಿಸಲು ಸ್ಕೂಟರಿನವರು ಮೂಲೆಯ ಪೆಟ್ರೋಲ್ ಬಂಕ್ ಒಳಗಿಂದಲೇ ತೂರಿ ಆ ಕಡೆ ರಸ್ತೆಗೆ ಸೇರುವುದನ್ನು ನೀವು ನೋಡಿರುತ್ತೀರಿ. ಮೌಸ್ ಹಿಡಿದ ಕೈಯೂ ಹಾಗೇ. ಪಕ್ಕದಲ್ಲಿ ಬಿಚ್ಚಿಕೊಂಡ ಪಟ್ಟಿಯ ಕೆಳಗಿನ ಸಾಲು ಬೇಕಿದ್ದರೆ, ಮೊದಲು ನೇರ ಅಡ್ಡಕ್ಕೆ ಹೋಗಿ ಆಮೇಲೆ ಕೆಳಗೆ ಇಳಿಯುವವರು ಯಾರೂ ಇಲ್ಲ. ಓರೆಯಾಗಿ ಹೋಗುತ್ತೇವೆ. ದಾರಿಯಲ್ಲಿ ಬಾಣ ಬೇರೆ ಸಾಲಿನ ಮೇಲೆ ಹಾದುಹೋಗುತ್ತದೆ. ಪುಟಕ್ಕೆ “ಹೋದರು” ಎಂಬ ಸುದ್ದಿ ಮುಟ್ಟಿ ಪಟ್ಟಿ ಮುಚ್ಚಿಹೋಗುತ್ತದೆ. ಇದಕ್ಕೆ ಸುಲಭದ ಮದ್ದು, ಮುಚ್ಚುವ ಮೊದಲು ಸೆಕೆಂಡಿನ ಕಾಲುಭಾಗದಷ್ಟು ಕಾಯುವುದು. ಇನ್ನೂ ಜಾಣ ಮದ್ದು ಒಂದಿದೆ. ಬಾಣ ಇರುವ ಜಾಗದಿಂದ ಪಕ್ಕದ ಪಟ್ಟಿಯ ಎರಡು ತುದಿಗಳಿಗೆ ಒಂದು ಕಾಣದ ತ್ರಿಕೋನ ಎಳೆದು, ಬಾಣ ಅದರೊಳಗೆ ಸಾಗುತ್ತಿರುವವರೆಗೆ ಪಟ್ಟಿಯನ್ನು ತೆರೆದಿಡುವುದು. ಅಮೆಜಾನ್ ಮೆನು ಹೀಗೆ ನಡೆಯುತ್ತದೆ ಎಂದು ಬೆನ್ ಕಾಮೆನ್ಸ್ ಎಂಬ ಪ್ರೋಗ್ರಾಮರ್ 2013ರಲ್ಲಿ ಬಿಡಿಸಿ ಬರೆದ ಮೇಲೆ ಬಹಳ ಮಂದಿ ಇದನ್ನು ಅನುಸರಿಸಿದರು. ಹಳೆಯ ಆ್ಯಪಲ್ ಕಂಪ್ಯೂಟರ್‌ಗಳ ಮೆನುವಿನಲ್ಲಿ ಇಂಥದೇ ಉಪಾಯ ಅದಕ್ಕೂ ಎಷ್ಟೋ ವರ್ಷ ಮೊದಲೇ ಇತ್ತು.

ಬೆರಳಿಗೆ ಅಂಗಡಿ ಮುಂದೆ ನಿಲ್ಲಲು ಬರುವುದಿಲ್ಲ

ಈಗ ಫೋನಿಗೆ ಬರೋಣ. ಬೆರಳು ಗಾಜಿನಿಂದ ಮೇಲಿದ್ದಾಗ ಅದು ಎಲ್ಲಿದೆ ಎಂದು ಫೋನಿಗೆ ತಿಳಿಯದು. ಗಾಜಿಗೆ ತಾಗಿದ ಕ್ಷಣ ಮಾತ್ರ ತಿಳಿಯುತ್ತದೆ, ಆದರೆ ಆಗ ಅದು ಒತ್ತಿದಂತೆಯೇ ಆಯಿತು. ನಿಂತು ನೋಡುವುದಕ್ಕೂ ಕೊಳ್ಳುವುದಕ್ಕೂ ಇದ್ದ ಅಂತರ ಬೆರಳಿಗೆ ಬಂದಾಗ ಅಳಿಸಿಹೋಗುತ್ತದೆ.

2007ರಲ್ಲಿ ಐಫೋನ್ ಬಂದಾಗ ವೆಬ್‌ನಲ್ಲಿದ್ದ ಸೈಟ್‌ಗಳೆಲ್ಲ ಮೌಸಿಗಾಗಿ ಬರೆದಂಥವು. ಅವು ಪೂರ್ತಿ ಕೈಕೊಡಬಾರದು ಎಂದು ಫೋನಿನ ಬ್ರೌಸರ್‌ಗಳು ಒಂದು ನಾಟಕ ಆಡುತ್ತವೆ. ನೀವು ಮುಟ್ಟಿ ಬೆರಳು ತೆಗೆದ ಮೇಲೆ, “ಮೌಸ್ ಬಂತು, ಮೌಸ್ ಅಲುಗಿತು, ಒತ್ತಿತು, ಬಿಟ್ಟಿತು, ಕ್ಲಿಕ್ ಆಯಿತು” ಎಂದು ಪುಟಕ್ಕೆ ಒಂದರ ಹಿಂದೊಂದು ಸುಳ್ಳು ಸುದ್ದಿ ಕಳಿಸುತ್ತವೆ. ಇಲ್ಲದ ಮೌಸಿನ ಕಥೆ!

ಈ ನಾಟಕ ಎಲ್ಲ ಫೋನ್‌ನಲ್ಲೂ ಒಂದೇ ಥರ ನಡೆಯುವುದಿಲ್ಲ. ಐಫೋನಿನ ಸಫಾರಿ ‘ಮೌಸ್ ಬಂತು’ ಎಂದಾಗ ಪುಟದಲ್ಲಿ ಏನಾದರೂ ಹೊಸದಾಗಿ ಕಾಣಿಸಿತೇ ಎಂದು ನೋಡುತ್ತದೆ. ಕಾಣಿಸಿದರೆ ಅಲ್ಲಿಗೇ ನಿಲ್ಲಿಸುತ್ತದೆ, ಕ್ಲಿಕ್ ಕಳಿಸುವುದಿಲ್ಲ. ಹಾಗಾಗಿ ಮೊದಲ ಸಲ ಮುಟ್ಟಿದರೆ ಪಟ್ಟಿ, ಎರಡನೇ ಸಲ ಮುಟ್ಟಿದರೆ ಲಿಂಕ್. ಆಂಡ್ರಾಯ್ಡ್‌ನ ಕ್ರೋಮ್ ಸಾಮಾನ್ಯವಾಗಿ ಹೀಗೆ ನಿಲ್ಲುವುದಿಲ್ಲ. ಪಟ್ಟಿ ಬಿಚ್ಚಿಕೊಳ್ಳುತ್ತಿದ್ದಂತೆ ಕ್ಲಿಕ್ ಕೂಡ ಬಂದು ‘ಸೇವೆಗಳು’ ಎಂಬ ಪದಕ್ಕೇ ಅಂಟಿಸಿದ್ದ ಲಿಂಕ್ ತೆರೆಯುತ್ತದೆ. ಪಟ್ಟಿ ಮಿಂಚಿ ಮಾಯವಾದಂತೆ ಕಾಣುವುದು ಇದರಿಂದ. ಒಂದೇ ಮನೆಯಲ್ಲಿ ಮಗಳ ಫೋನಿನಲ್ಲಿ ತೆರೆದದ್ದು ಅಮ್ಮನ ಫೋನಿನಲ್ಲಿ ತೆರೆಯದಿದ್ದರೆ ಅಮ್ಮನಿಗೆ ಫೋನ್ ಬಳಸಲು ಬರುವುದಿಲ್ಲ ಎಂದು ಗೇಲಿ ಮಾಡಬೇಡಿ. ಇಬ್ಬರ ಬ್ರೌಸರ್ ಬೇರೆ ಬೇರೆ ಇರಬಹುದು.

ಇನ್ನೊಂದು ವಿಚಿತ್ರವೂ ಇದೆ. ತೆರೆದ ಪಟ್ಟಿ ಮುಚ್ಚದೆ ಪರದೆ ಮೇಲೇ ಅಂಟಿಕೊಂಡು ಕೂರುತ್ತದೆ. ಏಕೆಂದರೆ ಇಲ್ಲದ ಮೌಸ್ ‘ಹೋಗುವುದು’ ಯಾವಾಗ? ನೀವು ಬೇರೆಲ್ಲಾದರೂ ಮುಟ್ಟಿದಾಗಲೇ.

ಹಾಗಾದರೆ ಮೆನು ತೆರೆಯುವುದು ಹೇಗೆ?

ಮೊದಲು ನೋಡಬೇಕಾದದ್ದು ಕ್ರೋಮ್‌ನ ಮೂರು ಚುಕ್ಕಿ ಒತ್ತಿದಾಗ ಸಿಗುವ ‘ಡೆಸ್ಕ್‌ಟಾಪ್ ಸೈಟ್’ ಎಂಬ ಆಯ್ಕೆ. “ಸೈಟ್ ತೆರೆಯದಿದ್ದರೆ ಇದಕ್ಕೆ ಟಿಕ್ ಹಾಕಿ” ಎಂದು ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಹೇಳಿಕೊಟ್ಟಿದ್ದಾರೆ. ಆದರೆ ಟಿಕ್ ಹಾಕಿದಾಗ ಸೈಟ್ ನಿಮ್ಮನ್ನು ಕಂಪ್ಯೂಟರ್ ಎಂದು ತಿಳಿದು ಮೌಸಿಗೆಂದು ಮಾಡಿದ ಮೆನುವನ್ನೇ ಕೊಡುತ್ತದೆ. ಟಿಕ್ ತೆಗೆದು ನೋಡಿ. ಮೂರು ಗೆರೆಯ ಬಟನ್ ಕಾಣಿಸಿಕೊಂಡರೆ ಬೆರಳಿಗಾಗಿ ಮಾಡಿದ ಮೆನು ಅದರೊಳಗಿದೆ.

ಅದೂ ಇಲ್ಲವೆಂದರೆ ಪುಟದ ತಳಕ್ಕೆ ಹೋಗಿ. ‘ಸೈಟ್ ಮ್ಯಾಪ್’ ಅಥವಾ ‘ತಾಣ ನಕ್ಷೆ’ ಎಂಬ ಲಿಂಕ್ ಇರುವುದುಂಟು. ಅದರಲ್ಲಿ ಮೆನುವಿನೊಳಗೆ ಅಡಗಿದ್ದ ಪುಟಗಳೆಲ್ಲ ಬಿಚ್ಚಿದ ಪಟ್ಟಿಯಾಗಿ ಸಿಗುತ್ತವೆ, ಹೋವರ್ ಗೊಡವೆ ಇಲ್ಲ. ನನ್ನ ಪ್ರಕಾರ ಸರ್ಕಾರಿ ಸೈಟ್‌ಗಳಲ್ಲಿ ಇದಕ್ಕಿಂತ ಉಪಯೋಗದ, ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವ ಲಿಂಕ್ ಇನ್ನೊಂದಿಲ್ಲ.

ಕೊನೆಯ ಅಸ್ತ್ರ ನಿಜವಾದ ಮೌಸ್. ಒಟಿಜಿ ಕನೆಕ್ಟರ್ ಮೂಲಕ ಸಾಮಾನ್ಯ ಯುಎಸ್‌ಬಿ ಮೌಸನ್ನು ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿದರೆ ಹೆಚ್ಚಿನ ಫೋನುಗಳಲ್ಲಿ ಪರದೆ ಮೇಲೆ ಬಾಣ ಮೂಡುತ್ತದೆ, ಹೋವರ್ ಮೆನು ಕಂಪ್ಯೂಟರಿನಲ್ಲಿ ತೆರೆದಂತೆಯೇ ತೆರೆಯುತ್ತದೆ. ಟಚ್ ಹೋದ ಫೋನಿನಿಂದ ಫೋಟೋ ತೆಗೆದುಕೊಡುವಾಗ ರಿಪೇರಿ ಅಂಗಡಿಯವರು ಮಾಡುವುದೂ ಇದನ್ನೇ.

ಸೈಟ್ ಮಾಡುವವರ ಪಾಲು

ಇಷ್ಟೆಲ್ಲ ಸರ್ಕಸ್ಸನ್ನು ಜನ ಏಕೆ ಮಾಡಬೇಕು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಸೈಟ್ ಬರೆಯುವವರಿಗೆ ಇದರ ಪರಿಹಾರ ಕಷ್ಟದ್ದಲ್ಲ. “ಈ ಸಾಧನಕ್ಕೆ ಹೋವರ್ ಬರುತ್ತದೆಯೇ?” ಎಂದು ಬ್ರೌಸರನ್ನೇ ಕೇಳುವ ಸೌಲಭ್ಯ ಸಿಎಸ್ಎಸ್‌ನಲ್ಲಿ ಈಗಾಗಲೇ ಇದೆ. ಬರುವುದಾದರೆ ಹೋವರ್, ಇಲ್ಲದಿದ್ದರೆ ಒತ್ತಿದರೆ ತೆರೆಯುವ ಬಟನ್. ಅದಕ್ಕಿಂತ ಒಳ್ಳೆಯದು, ಎಲ್ಲರಿಗೂ ಬಟನ್ನೇ ಇಟ್ಟು ಹೋವರನ್ನು ಮೇಲಿನ ಅನುಕೂಲವಾಗಿ ಮಾತ್ರ ಬಳಸುವುದು.

ಏಕೆಂದರೆ ಮೌಸ್ ಬಳಸದವರು ಫೋನಿನವರು ಮಾತ್ರ ಅಲ್ಲ. ಇಂದಿರಾನಗರದ ಪಕ್ಕದ ಜೀವನ್ ಬಿಮಾ ನಗರದಲ್ಲಿ ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆ ಇದೆ. ಕಣ್ಣು ಕಾಣದವರು ಕಂಪ್ಯೂಟರ್ ನಡೆಸುವುದು ಕೀಬೋರ್ಡ್ ಮತ್ತು ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಬಾಣವೇ ಕಾಣದವರಿಗೆ ‘ಬಾಣ ತಂದರೆ ತೆರೆಯುವ ಮೆನು’ ಅಂದರೆ ಬಾಗಿಲೇ ಇಲ್ಲದ ಕೋಣೆ. ಟ್ಯಾಬ್ ಕೀ ಒತ್ತುತ್ತ ಹೋದರೆ ಆ ಪಟ್ಟಿ ಅವರಿಗೆ ಸಿಗುವುದೇ ಇಲ್ಲ.

ವೆಬ್ ಎಲ್ಲರಿಗೂ ಎಟುಕಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಗೆ 2018ರಲ್ಲಿ ಹೋವರ್ ಕುರಿತ ನಿಯಮವೊಂದು ಸೇರಿತು. ಹೋವರ್‌ನಿಂದ ತೆರೆದದ್ದನ್ನು ಬಾಣ ಸರಿಸದೆಯೇ ಮುಚ್ಚಲು ಬರಬೇಕು, ತೆರೆದ ಪಟ್ಟಿಯ ಮೇಲೆ ಬಾಣ ತಂದರೆ ಅದು ಮಾಯವಾಗಬಾರದು, ನೋಡುವವರು ಬಿಡುವವರೆಗೂ ಉಳಿಯಬೇಕು. ಭಾರತ ಸರ್ಕಾರದ ಸೈಟ್‌ಗಳಿಗೂ 2009ರಿಂದ ಮಾರ್ಗಸೂಚಿ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಕಣ್ಣಿನ ದೋಷ ಮತ್ತು ಆ್ಯಸಿಡ್ ದಾಳಿಯಿಂದಾಗಿ ಆನ್‌ಲೈನ್ ಕೆವೈಸಿ ಮಾಡಿಸಲಾಗದೆ ಒದ್ದಾಡಿದವರು ತಂದ ಪ್ರಕರಣಗಳಲ್ಲಿ ಬಂದ ತೀರ್ಪು ಅದು. ಹಾಗಾಗಿ ಮೆನು ತೆರೆಯದಿದ್ದರೆ ಆ ಸೈಟಿನ ‘ಪ್ರತಿಕ್ರಿಯೆ’ ಪುಟದಲ್ಲಿ ಯಾವ ಫೋನ್, ಯಾವ ಬ್ರೌಸರ್ ಎಂದು ಎರಡು ಸಾಲು ಬರೆಯುವುದರಲ್ಲಿ ಸಂಕೋಚ ಬೇಡ.

ಈಗ ಮೊದಲ ಫಾರ್ವರ್ಡ್: ಮೌಸ್ ತಂದರೆ ಸಾಕೇ?

ಈ ಹೆದರಿಕೆಗೆ ಒಂದು ಎಳೆ ಸತ್ಯ ಇದೆ. 2017ರ ಜೂನ್‌ನಲ್ಲಿ ಇಮೇಲ್‌ಗಳ ಮೂಲಕ ಒಂದು ಪವರ್‌ಪಾಯಿಂಟ್ ಕಡತ ಹರಡಿತ್ತು. ಅದರಲ್ಲಿದ್ದ ಲಿಂಕ್ ಮೇಲೆ ಮೌಸ್ ತಂದರೆ ಸಾಕು, ವೈರಸ್ ಇಳಿಸಿಕೊಳ್ಳುವ ಆದೇಶ ಹೊರಡುತ್ತಿತ್ತು. ಆದರೂ ಮೈಕ್ರೋಸಾಫ್ಟ್ ಆಫೀಸ್‌ನ ಸುರಕ್ಷಿತ ನೋಟ ಚಾಲೂ ಇದ್ದ ಕಡೆ ಎಚ್ಚರಿಕೆಯ ಪೆಟ್ಟಿಗೆ ಬರುತ್ತಿತ್ತು. ‘ಇರಲಿ, ಮುಂದುವರಿಸು’ ಎಂದು ಒಪ್ಪಿದರೆ ಮಾತ್ರ ಕೆಲಸ ಕೆಡುತ್ತಿತ್ತು. ಗಮನಿಸಿ, ಅದು ಇಳಿಸಿಕೊಂಡು ತೆರೆದ ಕಡತ. ವೆಬ್ ಪುಟವಲ್ಲ.

ಬ್ರೌಸರ್ ಒಳಗಿನ ಪುಟಕ್ಕೆ ಹೋವರ್‌ನಿಂದ ಸಿಗುವುದು ‘ಬಂದರು, ಹೋದರು’ ಎಂಬ ಸುದ್ದಿ ಅಷ್ಟೇ. ಆ ಸುದ್ದಿಯನ್ನು ಕೂಡಿಟ್ಟು ಜನ ಏನನ್ನು ನೋಡುತ್ತಾರೆ ಎಂದು ಲೆಕ್ಕ ಹಾಕುವ ಸೈಟ್‌ಗಳಿವೆ, ಹೋವರ್ ಮಾಡಿದ ಕೂಡಲೇ ಮುಂದಿನ ಪುಟವನ್ನು ತರಿಸಿಡುವಂಥವೂ ಇವೆ. ಇಷ್ಟಕ್ಕೂ ಮೌಸ್ ತರುವ ಹೊತ್ತಿಗೆ ಆ ಪುಟ ತೆರೆದುಕೊಂಡೇ ಆಗಿರುತ್ತದೆ. ಅದು ಮಾಡಬಹುದಾದದ್ದನ್ನೆಲ್ಲ ಹೋವರ್ ಇಲ್ಲದೆಯೂ ಮಾಡಬಹುದು. ಖಾತೆಯಿಂದ ಹಣ ಹೋಗುವುದು ಒಟಿಪಿ, ಪಿನ್ ಕೊಟ್ಟಾಗ, ಇಲ್ಲವೇ ‘ಚಲನ್’ ಎಂಬ ಹೆಸರಿನ ಎಪಿಕೆ ಕಡತವನ್ನು ಫೋನಿಗೆ ಹಾಕಿಕೊಂಡಾಗ.

ನಿಜ ಹೇಳಬೇಕೆಂದರೆ ಕಂಪ್ಯೂಟರ್‌ನಲ್ಲಿ ಹೋವರ್ ನಿಮ್ಮ ಸ್ನೇಹಿತ. ಲಿಂಕ್ ಮೇಲೆ ಬಾಣ ಇಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಎಂಬ ವಿಳಾಸ ಕೆಳಗಿನ ಎಡಮೂಲೆಯಲ್ಲಿ ಕಾಣುತ್ತದೆ. ಹಿಂದೆ ಆ ಮೂಲೆಯಲ್ಲೇ ಸುಳ್ಳು ಬರೆಸುವ ತಂತ್ರ ನಡೆಯುತ್ತಿತ್ತು, ಈಗಿನ ಬ್ರೌಸರ್‌ಗಳು ಅದಕ್ಕೆ ಬಿಡುವುದಿಲ್ಲ. ಆದರೂ ಒತ್ತಿದ ಕ್ಷಣದಲ್ಲಿ ಪುಟವು ಬೇರೆಡೆಗೆ ಕಳಿಸಬಹುದು. ಆದ್ದರಿಂದ ತೆರೆದ ಮೇಲೂ ಮೇಲಿನ ವಿಳಾಸದ ಪಟ್ಟಿಯನ್ನು ಒಮ್ಮೆ ಓದಿ.

ಫೋನಿನಲ್ಲಿ ಇದಕ್ಕೆ ಬದಲಿ ಒತ್ತಿ ಹಿಡಿಯುವುದು. ಕ್ರೋಮ್‌ನಲ್ಲಿ ಲಿಂಕನ್ನು ಒಂದು ಕ್ಷಣ ಒತ್ತಿ ಹಿಡಿದರೆ ಬರುವ ಪೆಟ್ಟಿಗೆಯಲ್ಲಿ ವಿಳಾಸ ಇರುತ್ತದೆ. ಐಫೋನಿನಲ್ಲಿ ಪುಟದ ಚಿಕ್ಕ ನೋಟವೇ ತೆರೆಯಬಹುದು, ಅದನ್ನು ಮರೆಮಾಡಿದರೆ ವಿಳಾಸ ಕಾಣುತ್ತದೆ. ಅದರಲ್ಲಿ ನೋಡಬೇಕಾದದ್ದು ಮೊದಲ ಒಂಟಿ ಓರೆಗೆರೆಗೆ ಮುಂಚಿನ ಕೊನೆಯ ತುಂಡು. ಸಾರಿಗೆ ಇಲಾಖೆಯ ಚಲನ್ ಸೇವೆ ಇರುವುದು ‘ಪರಿವಾಹನ್ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುವ ವಿಳಾಸದಲ್ಲಿ. ಡಾಟ್ ಇರಬೇಕಾದ ಕಡೆ ಅಡ್ಡಗೆರೆ ಇದ್ದರೆ, ಅಥವಾ ಅದರ ಮುಂದೆ ಇನ್ನೊಂದು ಡಾಟ್ ಹಾಕಿ ಬೇರೇನೋ ಸೇರಿಸಿದ್ದರೆ ಅದು ಸರ್ಕಾರದ್ದಲ್ಲ. ‘ಗವ್ ಡಾಟ್ ಇನ್’ ಎಂಬ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ.

ಲಿಂಕ್ ಒತ್ತಿ ಹಣ ಕಳೆದುಕೊಂಡಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ, ತಡೆಹಿಡಿಯುವುದು ಕಷ್ಟವಾಗುತ್ತದೆ.

ಬೆರಳು ತಾಗಿಸದೆಯೇ ಗುರುತಿಸುವ ಫೋನ್ ಬರಲಾರದೇ ಎಂದು ಕೇಳುವವರಿಗೆ ಒಂದು ಮಾತು. ಬಂದಿತ್ತು. 2013ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರಲ್ಲಿ ಏರ್ ವ್ಯೂ ಎಂಬ ಸೌಲಭ್ಯವಿತ್ತು, ಬೆರಳನ್ನು ಗಾಜಿನ ಸ್ವಲ್ಪ ಮೇಲೆ ಹಿಡಿದರೂ ಫೋನಿಗೆ ತಿಳಿಯುತ್ತಿತ್ತು. ಬೆರಳಿನ ಮಟ್ಟಿಗೆ ಅದು ಹೆಚ್ಚು ಕಾಲ ಉಳಿಯಲಿಲ್ಲ. ಈಗ ಅಂಥದು ಸಿಗುವುದು ಸ್ಯಾಮ್‌ಸಂಗ್‌ನ ಎಸ್ ಪೆನ್ ಮತ್ತು 2022ರಿಂದೀಚೆಗಿನ ಕೆಲವು ಐಪ್ಯಾಡ್‌ಗಳ ಪೆನ್ಸಿಲ್‌ನಲ್ಲಿ.